ಪಾರ್ಕಿಂಗಿಗೆ ಸೊನ್ನೆ ಹಾಕಿದ ಹಸೈನಾರ್ ಕಾಕ

ನವೆಂಬರಿನಲ್ಲಿ ನೀವು ಮಂಗಳೂರಿನ ಫಳ್ನೀರ್ ಕಡೆ ಓಡಾಡಿದ್ರೆ ಒಂದು ಕ್ರೀಮ್ ಕಲರಿನ ಟ್ರಾವೆಲರ್ ಗಾಡಿ ನೋಡಿರ್ಲಿಕ್ಕೆ ಸಾಕು. ಮೇಲೆ ನೀಲಿ ನೀರಿನ ಟ್ಯಾಂಕ್, ಕಿಟಕಿಗೆ ಹೂವಿನ ಕರ್ಟನ್, ಹಿಂದಿನ ಬಾಗಿಲಲ್ಲಿ ಒಗೆದ ಲುಂಗಿ ನೇತಾಡ್ತಾ ಇತ್ತು. ಅದು ಮೀನಿನ ಗಾಡಿ ಅಲ್ಲ, ಕ್ಯಾಟರಿಂಗಿನವರದ್ದು ಸಹ ಅಲ್ಲ. ಅದು ಮನೆ. ಒಳಗೆ ಹಸೈನಾರ್ ಕಾಕ ಇರುದು. ಈಗ ನೋಡ್ಬೇಕಾದ್ರೆ ಕೂಳೂರು ಹೊಳೆಯ ಸಂಕದ ಹತ್ರ ಲಾರಿ ಯಾರ್ಡಿಗೆ ಹೋಗ್ಬೇಕು.

ನಾನು ಅವರ ಫ್ಯಾನ್. ಸುಮ್ನೆ ಹೇಳುದಲ್ಲ. ಗಾಡಿಯಲ್ಲೇ ಮನೆ ಮಾಡಿ ಬದುಕುವವರ ವಿಡಿಯೋ ಬರ್ತದಲ್ಲ, ಫಾರಿನಿನವರದ್ದು, ಅದರಲ್ಲಿ ನಾನು ನೋಡದ್ದು ಯಾವುದೂ ಇಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ಕೆರೆ, ಕಾಫಿ, ಒಂದು ನಾಯಿ. ಆಮೇಲೆ ಬೋರ್ಡಿನಲ್ಲಿ ತಿಂಗಳ ಖರ್ಚು ಬರೆದು ತೋರಿಸ್ತಾರೆ, ಡೀಸೆಲ್ಲಿಗೆ ಇಷ್ಟು, ಊಟಕ್ಕೆ ಇಷ್ಟು ಅಂತ. ನೋಡಿ ನೋಡಿ ನನಗೆ ಅದೇ ಮಂಡೆಯಲ್ಲಿ. ಅಷ್ಟರಲ್ಲಿ ನಮ್ಮ ಬಜಪೆಯ ಬ್ಯಾರಿ ಒಬ್ಬರು, ನನ್ನ ಪಪ್ಪನ ದೋಸ್ತಿ, ಅದನ್ನೇ ಮಾಡ್ತೇನೆ ಅಂತ ಹೊರಟ್ರೆ ನನಗೆ ಹೇಗೆ ಆಗಿರ್ಬೇಡ. ಆದ್ರೆ ಇದು ಕುಶಿಯ ಕಥೆ ಅಲ್ಲ. ಅದು ಈಗಲೇ ಹೇಳಿ ಬಿಡ್ತೇನೆ, ಮತ್ತೆ ನನ್ನನ್ನು ಬಯ್ಬೇಡಿ.

ಪಪ್ಪ ಅಂದ್ರೆ ಲಿಗೋರಿ. ಪಪ್ಪ ಮತ್ತೆ ಕಾಕ ಸೌದಿಯ ದಮ್ಮಾಮಿನಲ್ಲಿ ಒಂದೇ ಕಂಪೆನಿಯಲ್ಲಿ ಇದ್ದದ್ದು. ಪಪ್ಪ ಸ್ಟೋರಿನಲ್ಲಿ, ಕಾಕ ಟ್ರೈಲರ್ ಡ್ರೈವರ್. ಪಪ್ಪ ಬೇಗ ಬಿಟ್ಟು ಊರಿಗೆ ಬಂದ್ರು, ಕಾಕ ಹತ್ರ ಹತ್ರ ಮೂವತ್ತು ವರ್ಷ ಅಲ್ಲೇ ಓಡಿಸಿದ್ರು. ದಮ್ಮಾಮಿನಿಂದ ಜಿದ್ದಾ, ಜಿದ್ದಾದಿಂದ ದಮ್ಮಾಮ್. ಕ್ಯಾಂಪಿನಲ್ಲಿ ಒಂದು ಮಂಚ ಇತ್ತಂತೆ, ಆದ್ರೆ ಹೆಚ್ಚಿನ ನಿದ್ದೆ ಎಲ್ಲ ಕ್ಯಾಬಿನಿನಲ್ಲಿ. ಡ್ರೈವರ್ ಸೀಟಿನ ಹಿಂದೆ ಒಂದು ಉದ್ದ ಸೀಟ್ ಇರ್ತದಲ್ಲ, ಅದೇ ಬೆಡ್. ಪಪ್ಪ ಅವರನ್ನು ಬ್ಯಾರಿ ಅಂತ ಕರೆಯುದು, ಅವರು ಪಪ್ಪನಿಗೆ ಪೊರ್ಬು ಅಂತ, ಇಲ್ಲಿ ಕ್ರಿಶ್ಚನರನ್ನು ಹಾಗೆ ಕರೆಯುದು. ಇಬ್ಬರೂ ಒಬ್ಬರಿಗೊಬ್ಬರು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ.

ಆ ದುಡ್ಡಿನಲ್ಲಿ ಕಾಕ ಬಜಪೆಯಲ್ಲಿ ಮನೆ ಕಟ್ಟಿದ್ರು. ಪ್ಲಾನ್ ಎಲ್ಲ ಫೋನಿನಲ್ಲಿ. ಮೂರು ಹೆಣ್ಣು ಮಕ್ಕಳು, ಮೂರು ರೂಮು, ನಡುವಿನಲ್ಲಿ ದೊಡ್ಡ ಹಾಲ್. ಅವರ ಕುಟುಂಬದಲ್ಲಿ ಹುಡುಗಿ ಗಂಡನ ಮನೆಗೆ ಹೋಗುದಲ್ಲ, ಅಳಿಯನೇ ಇಲ್ಲಿಗೆ ಬರುದು. ಬರುವ ಪುದಿಯಾಪ್ಲೆಗೆ, ಅಂದ್ರೆ ಮದುಮಗನಿಗೆ, ಚಂದದ ರೂಮು ಬೇಕು, ಮಂಚ ಕಪಾಟು ಎಸಿ ಎಲ್ಲ ಹಾಕಿ ಇಡ್ಬೇಕು, ಅದು ಮರ್ಯಾದಿ. ಹಾಗೆ ದೊಡ್ಡವಳು ರಿಝ್ವಾನಾ ಮತ್ತೆ ಅವಳ ಗಂಡ ಸಿದ್ದೀಕನಿಗೆ ಒಂದು. ನಡುವಿನವಳು ಗಂಡನ ಒಟ್ಟಿಗೆ ಶಾರ್ಜಾದಲ್ಲಿ, ಆದ್ರೂ ಅವಳ ರೂಮು ಅವಳದ್ದೇ, ಬೀಗ ಹಾಕಿ ಉಂಟು. ಸಣ್ಣವಳು ನಜ್ಲಾಳಿಗೆ ಒಂದು. ಕಾಕ ಲೀವಿನಲ್ಲಿ ಬಂದಾಗ ಈ ಮೂರನೇ ರೂಮಿನಲ್ಲಿ ಕಾಕ ಮತ್ತೆ ಅವರ ಹೆಂಡತಿ ಹವ್ವಮ್ಮಾಂಟಿ ಮಲಗುದು, ನಜ್ಲಾ ಅಕ್ಕನ ಮಕ್ಕಳ ಒಟ್ಟಿಗೆ.

ಕಳೆದ ವರ್ಷ ಕಾಕ ಕೆಲಸ ಬಿಟ್ಟು ಊರಿಗೇ ಬಂದ್ರು. ಬಂದು ನಜ್ಲಾಳ ಮದುವೆ ಗಡದ್ದಾಗಿ ಮಾಡಿದ್ರು. ಅವಳ ಗಂಡ ಬಂದು ಮೂರನೇ ರೂಮಿಗೆ ಸೇರಿದ. ಆ ದಿನ ಚಾಪೆ ದಿಂಬು ಹಿಡ್ಕೊಂಡು ಹಾಲಿಗೆ ಬಂದಾಗಲೇ ಅಂತೆ ಕಾಕನಿಗೆ ಗೊತ್ತಾದದ್ದು, ನಾನು ಮನೆ ಕಟ್ಟುವಾಗ ನನ್ನನ್ನು ಲೆಕ್ಕಕ್ಕೆ ಹಿಡಿಲಿಲ್ಲ ಅಂತ.

"ಎಂಜಿನಿಯರ್ ಕೇಳಿದ್ದ ಪೊರ್ಬು, ಇನ್ನೊಂದು ರೂಮು ಬೇಡ್ವಾ ಅಂತ," ಕಾಕ ಪಪ್ಪನ ಹತ್ರ ಹೇಳ್ತಾ ಇದ್ರು. "ನಾನೇ ಹೇಳಿದ್ದು, ನನಗೆ ಎಂತಕ್ಕೆ ಮಾರಾಯ, ನಾನು ಎರಡು ವರ್ಷಕ್ಕೊಮ್ಮೆ ಬಂದು ಹೋಗುವವ."

"ನೀನು ಸಾಯುವವರೆಗೂ ದಮ್ಮಾಮಿನಲ್ಲೇ ಅಂತ ಗ್ರಹಿಸಿದ್ಯಾ?"

"ಹಾಗೆ ಗ್ರಹಿಸ್ಲಿಲ್ಲ. ಗ್ರಹಿಸಲೇ ಇಲ್ಲ."

ಹಾಲಿನ ಸೋಫಾ ಕಾಕನದ್ದಾಯ್ತು. ಹವ್ವಮ್ಮಾಂಟಿ ಅಡಿಗೆಕೋಣೆ ಪಕ್ಕದ ಸಣ್ಣ ಕೋಣೆಯಲ್ಲಿ, ಅಕ್ಕಿ ಮೂಟೆ ಹತ್ರ, ರಿಝ್ವಾನಾಳ ಎರಡು ಮಕ್ಕಳ ಒಟ್ಟಿಗೆ. ಹಗಲು ಹಾಲಿಗೆ ಯಾರ್ಯಾರೋ ಬರುದು. ಹೆಂಗಸರು ಬಂದ್ರೆ ಕಾಕ ಎದ್ದು ಹೊರಗೆ ಹೋಗ್ಬೇಕು. ಹೊರಗೆ ಹೋಗಿ ಎಂತ ಮಾಡುದು, ಗೇಟಿನ ಹತ್ರ ನಿಂತು ಏರ್‌ಪೋರ್ಟಿಗೆ ವಿಮಾನ ಇಳಿಯುದು ನೋಡುದು. ಹೆಂಡತಿ ಹತ್ರ ಎರಡು ಮಾತು ಆಡ್ಬೇಕಾದ್ರೆ ಅಡಿಗೆಕೋಣೆಗೆ ಹೋಗ್ಬೇಕು, ಅಲ್ಲಿ ಮಗಳು ಇರ್ತಾಳೆ. ಉಪ್ಪಾ ಅಂತ ಅಪ್ಪನನ್ನು ಕರೆದು, ನೀವು ಯಾಕೆ ಇಲ್ಲಿ ಬಂದದ್ದು, ಚಾ ಬೇಕಾ, ಅಂತ ಕೇಳ್ತಾಳೆ. ಪ್ರೀತಿಯಲ್ಲೇ ಕೇಳುದು.

ಕಾಕ ಒಮ್ಮೆ ಹೇಳಿದ್ರು, ಮದುವೆ ಆಗಿ ಮೂವತ್ತೈದು ವರ್ಷ, ಎಲ್ಲ ಲೀವು ಸೇರಿಸಿದ್ರೂ ಹವ್ವಮ್ಮನ ಒಟ್ಟಿಗೆ ಇದ್ದದ್ದು ಏಳೆಂಟು ವರ್ಷ ಆಗ್ಲಿಕ್ಕಿಲ್ಲ ಅಂತ. ಇನ್ನಾದ್ರೂ ಒಟ್ಟಿಗೆ ಇರ್ಬೇಕು. ಅವರಿಗೆ ಬೇಕಾದದ್ದು ಅಷ್ಟೇ. ಗಾಡಿ ತಿರುಗಾಟ ಎಲ್ಲ ಆಮೇಲೆ.

ಹಾಗೆ ಕೆಲಸ ಬಿಡುವಾಗ ಕಂಪೆನಿ ಕೊಟ್ಟದ್ದರಲ್ಲಿ ಮದುವೆ ಕಳೆದು ಉಳಿದ ಸರ್ವಿಸ್ ದುಡ್ಡಿನಲ್ಲಿ ಗಾಡಿ ಬಂತು. ಒಂದು ಫ್ಯಾಕ್ಟ್ರಿಯ ಸ್ಟಾಫ್ ಗಾಡಿ, ಹಳತು. ಸೀಟೆಲ್ಲ ತೆಗೆಸಿ ಪ್ಲೈವುಡ್ಡಿನ ಮಂಚ, ಸ್ಟವ್ವಿಗೆ ಕಟ್ಟೆ, ಬ್ಯಾಟರಿ ಫ್ಯಾನು, ಆರ್‌ಟಿಒದಲ್ಲಿ ಕಾಗದ ಎಲ್ಲ ಸರಿ ಮಾಡ್ಸಿದ್ರು. ಮಂಚ ಇಬ್ಬರಿಗೆ ಸರಿ ಆಗುವ ಹಾಗೆ. ಹವ್ವಮ್ಮಾಂಟಿ ನೋಡ್ಲಿಕ್ಕೆ ಹೊರಗೆ ಬಂದು ನಗಾಡಿದ್ರಂತೆ.

"ಇದು ಎಂತದು, ದಿಬ್ಬಣದ ಗಾಡಿಯಾ?"

"ಹೌದು. ನೀನು ಹತ್ತು."

"ಈ ವಯಸ್ಸಿನಲ್ಲಿ ನನ್ನನ್ನು ಓಡಿಸ್ಕೊಂಡು ಹೋಗ್ತೀರಾ?" ಅಂದ್ರು. ಆಮೇಲೆ ಸ್ವಲ್ಪ ಯೋಚನೆ ಮಾಡಿ ಹೇಳಿದ್ರು, "ರಂಝಾನ್ ನೋಂಬು ಬರುವವರೆಗೆ ನೀವೊಬ್ಬರೇ ಇದರಲ್ಲಿ ಇದ್ದು ತೋರಿಸಿ. ಅಂಗಡಿ ಬಾಡಿಗೆಯಲ್ಲೇ ನಡೀಬೇಕು. ಮಕ್ಕಳ ಹತ್ರ ಕೇಳುದಲ್ಲ, ಸಾಲ ಮಾಡುದಲ್ಲ. ನಡೀತದೆ ಅಂತಾದ್ರೆ ಪೆರ್ನಾಲ್ ಹಬ್ಬ ಆದ ಮೇಲೆ ನಾನು ಬರ್ತೇನೆ."

ಕಾಕನಿಗೆ ಇಷ್ಟು ಸಾಕಾಯ್ತು. ಅವತ್ತೇ ಗಾಡಿ ತಕ್ಕೊಂಡು ಫಳ್ನೀರಿಗೆ ಬಂದ್ರು, ನಮ್ಮ ಅಪಾರ್ಟ್‌ಮೆಂಟಿಗೆ. ನಮ್ಮಲ್ಲಿ ಗೆಸ್ಟ್ ಪಾರ್ಕಿಂಗ್ ಎರಡು ದಿನ ಮಾತ್ರ, ಅಸೋಸಿಯೇಶನಿನವರು ಭಯಂಕರ ಕಿರಿಕ್. ಆ ಎರಡು ದಿನದಲ್ಲಿ ಗಾಡಿಯ ಬಾಗಿಲು ತೆರೆದಿಟ್ಟು, ಮಂಚದ ಮೇಲೆ ಕೂತು ಅವರು ಪಪ್ಪನಿಗೆ ಬಜೆಟ್ ಓದಿದ್ರು. ನಾನು ಮೆಟ್ಲಿನಲ್ಲಿ ಕೂತು ಕೇಳಿದೆ. ನಿಜ ಹೇಳ್ತೇನೆ, ಆ ಫಾರಿನಿನವರ ಬೋರ್ಡು ಇದರ ಎದುರು ಎಂತದೂ ಅಲ್ಲ.

ಬಜಪೆ ಪೇಟೆಯಲ್ಲಿ ಕಾಕನದ್ದು ಒಂದು ಅಂಗಡಿ ಕೋಣೆ ಉಂಟು, ಅದರ ಬಾಡಿಗೆ ತಿಂಗಳಿಗೆ ಹದಿನೆಂಟು ಸಾವಿರ. ಅದೇ ಪೆನ್ಶನ್. ಡೀಸೆಲ್ಲಿಗೆ ಐದು ಸಾವಿರ, ಯಾಕಂದ್ರೆ ದೂರ ಎಲ್ಲ ಹೋಗುದಿಲ್ಲ, ಮೂಲ್ಕಿಯಿಂದ ಉಳ್ಳಾಲದ ಒಳಗೇ. ಸಣ್ಣ ಸಿಲಿಂಡರ್ ಗ್ಯಾಸಿಗೆ ಏಳ್ನೂರು. ಅಕ್ಕಿ ಸಾಮಾನು ಮೀನು ಆರು ಸಾವಿರ. ಶುಗರಿನ ಮಾತ್ರೆಗೆ ಸಾವಿರದ ಇನ್ನೂರು. ಫೋನಿಗೆ ನಾಲ್ಕ್ನೂರು. ಇನ್ಶೂರೆನ್ಸು, ಟ್ಯಾಕ್ಸು, ಟಯರು ಒಮ್ಮೆಲೆ ಬಂದ್ರೆ ಬೊಬ್ಬೆ ಅಂತ ಪ್ರತಿ ತಿಂಗಳು ಎರಡೂವರೆ ಸಾವಿರ ತೆಗೆದಿಡುದು. ಕೈ ಖರ್ಚಿಗೆ ಸಾವಿರ. ಎಲ್ಲ ಆಗಿ ಉಳಿದ ಸಾವಿರದ ಇನ್ನೂರು ಹವ್ವಮ್ಮನಿಗೆ, ಅವಳಿಗೆ ಕುಶಿ ಬಂದದ್ದು ತಕ್ಕೊಳ್ಳಿಕ್ಕೆ. ಅವರು ಇನ್ನೂ ಬಂದಿರ್ಲಿಲ್ಲ, ಆದ್ರೂ ಆ ದುಡ್ಡು ಮೊದಲ ತಿಂಗಳಿಂದಲೇ ತೆಗೆದಿಡುದು ಅಂತ.

"ಗಾಡಿ ನಿಲ್ಲಿಸ್ಲಿಕ್ಕೆ?" ಪಪ್ಪ ಕೇಳಿದ್ರು.

"ಅದು ಸೊನ್ನೆ. ಧರ್ಮಕ್ಕೆ. ಕೂಳೂರಿನಲ್ಲಿ ಅಲಿಯಬ್ಬ ಇದ್ದಾನೆ, ನನ್ನ ಅಕ್ಕನ ಮಗ. ಉಳ್ಳಾಲದಲ್ಲಿ ಹವ್ವಮ್ಮನ ತಂಗಿ. ಸುರತ್ಕಲ್, ಮೂಲ್ಕಿ, ನಮ್ಮ ಇಲ್ಲಿನ ಕಣ್ಣೂರು, ಎಲ್ಲಿ ಇಲ್ಲ ನಮ್ಮವರು? ಎಲ್ಲರಿಗೂ ಅಂಗಳ ಉಂಟು. ಹತ್ತತ್ತು ದಿನ ಒಂದೊಂದು ಕಡೆ ನಿಂತ್ರೆ ವರ್ಷವೇ ಮುಗೀತದೆ. ಹವ್ವಮ್ಮನಿಗೂ ಬಾತ್‌ರೂಮು ಆಯ್ತು, ಹೆಂಗಸರು ಮಾತಾಡ್ಲಿಕ್ಕೆ ಸಿಕ್ಕಿದ್ರು."

ಪಪ್ಪ ಡೀಸೆಲ್ ಸಾಕಾಗ್ಲಿಕ್ಕಿಲ್ಲ ಅಂತ ಜಗಳ ಮಾಡಿದ್ರು. ಟಯರಿನ ದುಡ್ಡು ಕಡಿಮೆ ಆಯ್ತು ಅಂತ ಹೇಳಿದ್ರು. ಆ ಸೊನ್ನೆಯ ಬಗ್ಗೆ ಒಂದು ಮಾತು ಸಹ ಎತ್ಲಿಲ್ಲ. ನಾನೂ ಇಲ್ಲ. ಗಲ್ಫಿನವರ ಮನೆಯಲ್ಲೇ ಹುಟ್ಟಿ ಬೆಳೆದವನು ನಾನು, ನನಗಾದ್ರೂ ಹೊಳೀಬೇಕಿತ್ತು.

ಮೊದಲು ಹೋದದ್ದು ಅಲಿಯಬ್ಬನ ಮನೆಗೆ. ಹೊಳೆ ಬದಿಯಲ್ಲಿ ಒಳ್ಳೆ ಅಂಗಳ, ತೆಂಗಿನ ಮರದ ನೆರಳು. ಕಾಕ ದಾರಿಯಲ್ಲಿ ಬೇಕರಿಯಲ್ಲಿ ನಿಲ್ಲಿಸಿ ಎರಡು ಕೆಜಿ ಸ್ವೀಟು, ಸೇಬು, ಕಿತ್ತಳೆ, ಮಕ್ಕಳಿಗೆ ಚಾಕಲೇಟಿನ ಡಬ್ಬಿ ತಕ್ಕೊಂಡ್ರು. ಮೊದಲ ಸಲ ಅಲ್ವಾ. ಅಲ್ಲಿ ನೆಯ್‌ಚೋರು ಅಂದ್ರೆ ತುಪ್ಪದನ್ನ, ಕೋಳಿ, ಪತ್ತಿರ್ ರೊಟ್ಟಿ ಎಲ್ಲ ಮಾಡಿದ್ರು. ಊಟ ಆಗಿ ಕಾಕ ಗಾಡಿ ಕಡೆಗೆ ಹೊರಟ್ರೆ ಅಲಿಯಬ್ಬ ಅಡ್ಡ ನಿಂತ.

"ಎಲ್ಲಿಗೆ ಮಾಮ?"

"ಮಲಗ್ಲಿಕ್ಕೆ."

"ಮನೆಯಲ್ಲಿ ಮಂಚ ಇಲ್ವಾ ನಮ್ಮಲ್ಲಿ? ನೀವು ಅಂಗಳದಲ್ಲಿ ಮಲಗಿದ್ರೆ ಬೆಳಿಗ್ಗೆ ಹಾಲಿನವ ಬಂದು ನೋಡ್ತಾನೆ. ನಾವು ಮುಖ ಎಲ್ಲಿ ಇಡುದು?"

"ಇದು ನನ್ನ ಮನೆ ಮಾರಾಯ. ನೀನು ಬಂದು ನೋಡು ಬೇಕಾದ್ರೆ."

ಅಲಿಯಬ್ಬನ ಹೆಂಡತಿ ಒಳಗಿಂದ, "ಮಾಮನಿಗೆ ನಮ್ಮ ಬೆಡ್‌ಶೀಟ್ ಚುಚ್ತದೆ ಅಂತ ಕಾಣ್ತದೆ," ಅಂದ್ಲಂತೆ. ಇನ್ನು ಎಂತ ಮಾಡುದು, ಒಳಗೇ ಮಲಗಿದ್ರು. ಮಕ್ಕಳನ್ನು ಕೆಳಗೆ ಹಾಕಿ ಅವರ ಮಂಚದಲ್ಲಿ. ಮೂರು ದಿನವೂ ಕೋಳಿ, ಅದರಲ್ಲಿ ಒಂದು ದಿನ ಆಡಿನ ಮಾಂಸ ಸಹ. ಹೊರಡುವಾಗ ಮಕ್ಕಳು ಸಾಲಾಗಿ ನಿಂತ್ರು. ಗಲ್ಫಿಂದ ಬಂದ ಅಜ್ಜ ಹೊರಡುವಾಗ ಮಕ್ಕಳು ನಿಲ್ಲುದು ಉಂಟಲ್ಲ ಹಾಗೆ. ಒಬ್ಬೊಬ್ಬರ ಕೈಗೆ ಐನೂರು.

ಅದರ ನಂತರ ಸುರತ್ಕಲ್. ಪುನಃ ಬೇಕರಿ, ಪುನಃ ನೆಯ್‌ಚೋರು, ಪುನಃ ಮಕ್ಕಳ ಕೈ. ಹತ್ತು ದಿನ ನಿಲ್ಲುವ ಪ್ಲಾನು ಎಲ್ಲೂ ಮೂರು ದಿನ ದಾಟ್ಲಿಲ್ಲ, ಯಾಕಂದ್ರೆ ಆ ಮನೆಯವರ ಖರ್ಚು ಕಾಕನಿಗೇ ನೋಡ್ಲಿಕ್ಕೆ ಆಗ್ಲಿಲ್ಲ. ಬೇಗ ಬೇಗ ಬಿಟ್ರೆ ಡೀಸೆಲ್ ಹೆಚ್ಚು, ಹೊಸ ಮನೆ ಅಂದ್ರೆ ಹೊಸ ಸ್ವೀಟಿನ ಡಬ್ಬಿ. ತಂದ ಅಕ್ಕಿ ಗಾಡಿಯಲ್ಲಿ ಹಾಗೇ, ಸ್ಟವ್ ಹಚ್ಚಲೇ ಇಲ್ಲ. ತಿಂಗಳು ಮುಗಿಯುವಾಗ ಇಪ್ಪತ್ತೊಂಬತ್ತು ಸಾವಿರ ಹೋಗಿತ್ತು. ಹವ್ವಮ್ಮನ ಸಾವಿರದ ಇನ್ನೂರು, ಟಯರಿನದ್ದು, ಎಲ್ಲ ಅದರಲ್ಲೇ ಮುಳುಗಿತು, ಮತ್ತೆ ಬ್ಯಾಂಕಿನಲ್ಲಿ ಉಳಿದದ್ದರಿಂದ ತೆಗೆದ್ರು.

"ನಿನಗೆ ಮಂಡೆ ಸಮ ಉಂಟಾ?" ಪಪ್ಪ ಬೈದ್ರು. ಕಾಕ ನಮ್ಮಲ್ಲಿಗೆ ಸಹ ಖರ್ಜೂರದ ಪ್ಯಾಕೆಟ್ ಹಿಡ್ಕೊಂಡೇ ಬಂದಿದ್ರು. "ಬರಿಗೈಯಲ್ಲಿ ಹೋಗು. ರಿಟೈರ್ ಆದವ ಅಂತ ಹೇಳು."

"ಹೇಳಿದೆ. ಯಾರೂ ನಂಬುದಿಲ್ಲ. ಇಷ್ಟು ದೊಡ್ಡ ಗಾಡಿ ತೆಗೆದವನ ಹತ್ರ ದುಡ್ಡಿಲ್ವಾ ಅಂತ ಕೇಳ್ತಾರೆ." ಖರ್ಜೂರದ ಪ್ಯಾಕೆಟ್ ಟೇಬಲ್ ಮೇಲೆ ಇಟ್ಟು ಹೇಳಿದ್ರು, "ಮತ್ತೆ ನನಗೂ ಆಗುದಿಲ್ಲ ಪೊರ್ಬು. ಯಾರ ಮನೆ ಮೆಟ್ಲು ಹತ್ತಿದ್ರೂ ಕೈಯಲ್ಲಿ ಎಂತಾದ್ರೂ ಇತ್ತು ಇಷ್ಟು ವರ್ಷ. ಬರಿಗೈ ಅಂದ್ರೆ ನನ್ನ ಕಾಲು ಮುಂದೆ ಹೋಗುದಿಲ್ಲ."

ಎರಡನೇ ತಿಂಗಳು ಮನಸ್ಸು ಗಟ್ಟಿ ಮಾಡಿದ್ರು. ಉಳ್ಳಾಲದಲ್ಲಿ ಹವ್ವಮ್ಮಾಂಟಿಯ ತಂಗಿ ಮನೆಗೆ ಬರೀ ಒಂದು ಚಿಪ್ಪು ನೇಂದ್ರ ಬಾಳೆಹಣ್ಣು ತಕ್ಕೊಂಡು ಹೋದ್ರು. ಬಾಗಿಲಲ್ಲಿ ಮಕ್ಕಳು ಮೊದಲು ಕೈ ನೋಡಿದ್ರಂತೆ, ಆಮೇಲೆ ಮುಖ. ಆ ತಂಗಿ ಬಾಯಿ ಜೋರಿನವಳು.

"ಭಾವ, ದಮ್ಮಾಮಿನಲ್ಲಿ ಈಗ ಬಾಳೆ ತೋಟ ಆಗಿದ್ಯಾ?"

ಎಲ್ಲರೂ ನಗಾಡಿದ್ರು, ಕಾಕ ಸಹ ನಗಾಡಿದ್ರು. ಅದನ್ನು ನಮಗೆ ಅವಳ ಸ್ವರದಲ್ಲೇ ಮಾಡಿ ತೋರಿಸಿದ್ರು, ನಾವು ಸಹ ನಗಾಡಿದ್ವು. ಆದ್ರೆ ಹೇಳಿ ಮುಗಿಸಿ ಅವರು ಕೈಯನ್ನು ಎರಡು ಸಲ ಲುಂಗಿಗೆ ಒರೆಸ್ಕೊಂಡ್ರು.

ಅಷ್ಟಕ್ಕೇ ನಿಂತಿದ್ರೆ ತೊಂದ್ರೆ ಇರ್ಲಿಲ್ಲ. ಕೂಳೂರಿಗೆ ಎರಡನೇ ಸಲ ಹೋದಾಗ ಕಾಕ ಗಟ್ಟಿಯಾಗಿ ಹೇಳಿ ಗಾಡಿಯಲ್ಲೇ ಮಲಗಿದ್ರು. ಬೆಳಿಗ್ಗೆ ನೆರೆಯವರು ಅಲಿಯಬ್ಬನ ಹತ್ರ ಕೇಳಿದ್ರು, ಎಂತ ಮಾರಾಯ, ಮಾಮನನ್ನು ಹೊರಗೆ ಮಲಗಿಸಿದ್ಯಾ ಅಂತ. ಅಲಿಯಬ್ಬ ಕೆಟ್ಟವ ಅಲ್ಲ. ತನ್ನ ಮೇಲೆ ಬರ್ಬಾರ್ದು ಅಂತ ಬಾಯಿಗೆ ಬಂದದ್ದು ಹೇಳಿದ. "ನಾವು ಕರೆದ್ವು, ಬರುದಿಲ್ಲ ಅಂತಾರೆ. ಅಲ್ಲಿ ಮನೆಯಲ್ಲೇ ಏನೋ ಸರಿ ಇಲ್ಲ ಅಂತ ಕಾಣ್ತದೆ." ಅಷ್ಟೇ ಹೇಳಿದ್ದು. ಕೂಳೂರಿನಲ್ಲಿ ಹೇಳಿದ್ದು ಬಜಪೆ ಮುಟ್ಟುವಾಗ, ಅಳಿಯಂದಿರು ಸೇರಿ ಮಾವನನ್ನು ಮನೆಯಿಂದ ಹೊರಗೆ ಹಾಕಿದ್ದಾರೆ, ಪಾಪ ಗಾಡಿಯಲ್ಲಿ ಮಲಗ್ತಾರೆ ಅಂತ ಆಗಿತ್ತು.

ಸಿದ್ದೀಕನದ್ದು ಬಜಪೆಯಲ್ಲಿ ಚಪ್ಪಲಿ ಅಂಗಡಿ. ಗಿರಾಕಿಗಳೇ ಕೇಳ್ಲಿಕ್ಕೆ ಶುರು ಮಾಡಿದ್ರು. ಅವನು ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಫಳ್ನೀರಿಗೆ ಬಂದ. ಕಾಕನ ಗಾಡಿ ಆಗ ನಮ್ಮ ಗೇಟಿನ ಹೊರಗೆ, ರೋಡ್ ಬದಿಯಲ್ಲಿ.

"ಮಾಮ, ನಾನು ನಿಮಗೆ ಒಂದು ದಿನ ಆದ್ರೂ ಏನಾದ್ರೂ ಹೇಳಿದ್ದೇನಾ?"

"ಇಲ್ಲ."

"ಊಟಕ್ಕೆ ಕಮ್ಮಿ ಮಾಡಿದ್ದೇನಾ?"

"ಯಾರು ಹೇಳಿದ್ದು ಹಾಗೆ?"

"ಊರೇ ಹೇಳ್ತಾ ಉಂಟು. ನಿನ್ನೆ ಒಬ್ಬ ಚಪ್ಪಲಿಗೆ ಕಾಲು ಹಾಕಿ, ಇದು ಗಟ್ಟಿ ಉಂಟಾ, ನಿನ್ನ ಮಾವನಿಗೆ ನಡಿಲಿಕ್ಕೆ ಬೇಕಾಗ್ತದೆ ಅಂದ. ನಜ್ಲಾಳ ಗಂಡನ ಅಮ್ಮ ಫೋನ್ ಮಾಡಿ ಕೇಳಿದ್ರು, ನಮ್ಮ ಹುಡುಗ ಬಂದ ಕಾರಣ ನೀವು ಹೊರಗೆ ಹೋದದ್ದಾ ಅಂತ. ಹಾಗಾದ್ರೆ ಅವನನ್ನು ವಾಪಸ್ ಕರೀತೇವೆ ಅಂತಾರೆ. ರಿಝ್ವಾನಾ ಎರಡು ದಿನದಿಂದ ಅಳ್ತಾ ಇದ್ದಾಳೆ." ಅವನ ಕಣ್ಣು ಸಹ ಕೆಂಪಾಗಿತ್ತು. "ಹಾಲ್ ಉಂಟಲ್ಲ ಮಾಮ. ಬನ್ನಿ."

ಕಾಕ ಹಿಂದಿನ ಬಾಗಿಲಲ್ಲಿ ನೇತಾಡ್ತಾ ಇದ್ದ ಲುಂಗಿ ತೆಗೆದು ಒಳಗೆ ಹಾಕಿದ್ರು. "ನೋಂಬು ಶುರು ಆಗುವವರೆಗೆ ಬಿಡು ಸಿದ್ದೀಕ್," ಅಂದ್ರು. "ಯಾರ ಮನೆಗೂ ಹೋಗುದಿಲ್ಲ ಇನ್ನು. ಯಾರ ಕಣ್ಣಿಗೂ ಬೀಳುದಿಲ್ಲ."

ಮಾತಿಗೆ ತಪ್ಪಲಿಲ್ಲ. ಕೂಳೂರು ಸಂಕದಿಂದ ಸ್ವಲ್ಪ ಈಚೆ ಹೈವೇ ಬದಿಯಲ್ಲಿ ಒಂದು ಯಾರ್ಡು, ಪೋರ್ಟಿಗೆ ಹೋಗುವ ಲಾರಿಗಳು ನಿಲ್ಲುದು, ಅಲಿಯಬ್ಬನ ಕಡೆಯವರು ಆ ಬದಿಗೆ ಬರುದಿಲ್ಲ. ದಿನಕ್ಕೆ ಎಂಬತ್ತು ರುಪಾಯಿ ಕೊಟ್ರೆ ಜಾಗ, ಬೋರಿನ ನೀರು, ಮೂಲೆಯಲ್ಲಿ ಒಂದು ಶೀಟಿನ ಬಾತ್‌ರೂಮು. ತಮಿಳುನಾಡಿನ ಡ್ರೈವರುಗಳು, ಆಂಧ್ರದವರು. ಅಲ್ಲಿ ಯಾರಿಗೂ ಹಸೈನಾರ್ ಯಾರು ಅಂತ ಗೊತ್ತಿಲ್ಲ. ಸ್ವೀಟು ಕೊಡ್ಬೇಕಾಗಿಲ್ಲ, ಕೋಳಿ ತಿನ್ಬೇಕಾಗಿಲ್ಲ. ಸ್ಟವ್ವು ಹಚ್ಚಿ ಬೂತಾಯಿ ಮೀನಿನ ಸಾರು ಮಾಡಿದ ಫೋಟೋ ನನಗೆ ಕಳಿಸಿದ್ರು, ಅದು ನಾನು ಇವತ್ತಿಗೂ ಇಟ್ಟಿದ್ದೇನೆ. ಸಾರು ಚೂರು ಕಪ್ಪಾಗಿತ್ತು.

ಆದ್ರೆ ಮೊದಲ ಎರಡು ತಿಂಗಳು ಬ್ಯಾಂಕಿಂದ ತೆಗೆದದ್ದು ತುಂಬಿಸ್ಬೇಕಲ್ಲ. ಇಲ್ಲದಿದ್ರೆ ಬಾಡಿಗೆಯಲ್ಲಿ ನಡೆದದ್ದು ಅಂತ ಹೇಳುದು ಹೇಗೆ? ಅದೊಂದು ಹಟ ಅವರಿಗೆ. ಗಾಡಿ ಅಲುಗಾಡಿಸುದು ಬಿಟ್ರು, ಡೀಸೆಲ್ ಉಳೀತು. ಫ್ಯಾನ್ ಹಾಕುದು ಬಿಟ್ರು, ಆ ಸೆಕೆಯಲ್ಲಿ. ನಾವು ಹೋದಾಗೆಲ್ಲ ಊಟ ಆಯ್ತು ಈಗಷ್ಟೆ ಅಂತ ಹೇಳುದು. ಮಮ್ಮಿ ಲೂರ್ಡ್ಸ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಒಂದು ಸಲ ಕಾಕನನ್ನು ನೋಡಿ ಮನೆಗೆ ಬಂದು, "ಅವರ ಶರ್ಟು ಯಾಕೆ ಹ್ಯಾಂಗರಿನಲ್ಲಿ ಇದ್ದ ಹಾಗೆ ಉಂಟು?" ಅಂತ ಕೇಳಿದ್ರು. ಪಪ್ಪ, ಅಲ್ಲಿ ಗಾಳಿ ಜೋರು ಅಂದ್ರು.

ನೋಂಬಿಗೆ ಸ್ವಲ್ಪ ಮೊದಲು, ಒಂದು ಆದಿತ್ಯವಾರ, ಹವ್ವಮ್ಮಾಂಟಿ ಬರುದು ಅಂತಾಯ್ತು. ಕಾಕ ಪಪ್ಪನನ್ನು ಕರೆದಿದ್ರು, ಲೆಕ್ಕಕ್ಕೆ ಸಾಕ್ಷಿ ಬೇಕು ಅಂತ. ನಾನೂ ಹೋದೆ. ಕಾಕ ಇಸ್ತ್ರಿ ಹಾಕಿದ ಬಿಳಿ ಶರ್ಟು ಹಾಕಿದ್ರು. ಗಾಡಿಗೆ ನೀರು ಹೊಡೆದು ತೊಳೆದಿದ್ರು, ಮಂಚಕ್ಕೆ ಹೊಸ ಬೆಡ್‌ಶೀಟು. ಯಾರ್ಡಿನವನ ಹತ್ರ ಹೇಳಿ ಬಾತ್‌ರೂಮಿಗೆ ಹೊಸ ಚಿಲಕ ಸಹ ಹಾಕ್ಸಿದ್ರು.

ಸಿದ್ದೀಕ್ ಕಾರಿನಲ್ಲಿ ಆಂಟಿಯನ್ನು ಬಿಟ್ಟು ದೂರದಲ್ಲೇ ನಿಂತ. ಆಂಟಿ ಬುರ್ಖಾ ಎತ್ತಿ ಹಿಡ್ಕೊಂಡು, ಆಯಿಲಿನ ಕೆಸರು ದಾಟಿ ಬಂದು ಗಾಡಿ ಹತ್ತಿದ್ರು. ಮಂಚದಲ್ಲಿ ಕೂತ್ರು. ಗಿಡ್ಡ ಅವರು, ಕಾಲು ನೆಲಕ್ಕೆ ಮುಟ್ತಾ ಇರ್ಲಿಲ್ಲ. ಕಾಕ ನಿಂತ್ಕೊಂಡೇ ಲೆಕ್ಕ ಶುರು ಮಾಡಿದ್ರು, ಪರೀಕ್ಷೆಗೆ ಬಾಯಿಪಾಠ ಒಪ್ಪಿಸುವವರ ಹಾಗೆ. ಯಾರ್ಡಿಗೆ ಎರಡು ಸಾವಿರದ ನಾಲ್ಕ್ನೂರು. ಡೀಸೆಲ್ ಸಾವಿರ. ಬ್ಯಾಂಕಿಂದ ತೆಗೆದದ್ದು ಎಲ್ಲ ವಾಪಸ್ ಹಾಕಿ ಆಯ್ತು. ಒಂದು ಪೈಸೆ ಸಾಲ ಇಲ್ಲ.

"ಹೌದಾ ಅಲ್ವಾ ಪೊರ್ಬು?"

"ಹೌದು," ಪಪ್ಪ ಹೇಳಿದ್ರು. "ಸರಿ ಉಂಟು."

ಆಂಟಿ ಕೇಳ್ತಾ ಇದ್ರು, ಆದ್ರೆ ಅವರ ಕೈ ಸುಮ್ಮನೆ ಇರ್ಲಿಲ್ಲ. ಹೆಂಗಸರಲ್ವಾ, ಒಂದೊಂದೇ ಡಬ್ಬಿ ತೆಗೆದು ನೋಡಿದ್ರು. ಕುಚ್ಚಲಕ್ಕಿ. ಉಪ್ಪು. ಒಣ ಮೀನು. ಮತ್ತೆ ಖಾಲಿ, ಮತ್ತೆ ಖಾಲಿ.

"ಮಾತ್ರೆ ಎಲ್ಲಿ?"

"ಉಂಟು."

"ಎಲ್ಲಿ?"

"ಒಂದು ದಿನ ಬಿಟ್ಟು ಒಂದು ದಿನ ತಕ್ಕೊಳ್ತೇನೆ. ಹಾಗೆ ಮಾಡಿದ್ರೆ ಎಂತ ಆಗುದಿಲ್ಲ."

ಆಂಟಿ ಡಬ್ಬಿ ಮುಚ್ಚಳ ಹಾಕಿ ಅದರ ಜಾಗದಲ್ಲೇ ಇಟ್ರು. "ನೀವು ಯಾಕೆ ಇಷ್ಟು ಮಾಡಿದ್ದು?" ಅಂತ ಕೇಳಿದ್ರು. ಬೈದದ್ದಲ್ಲ. ನಿಜವಾಗಿ ಗೊತ್ತಿಲ್ಲದ ಹಾಗೆ ಕೇಳಿದ್ದು.

"ನೀನೇ ಹೇಳಿದ್ದಲ್ವಾ. ನಡೆಸಿ ತೋರಿಸಿ, ಬರ್ತೇನೆ ಅಂತ."

"ಹೇಳಿದ್ದೆ. ಒಂದು ವಾರದಲ್ಲಿ ಬೇಜಾರಾಗಿ ನೀವೇ ಬರ್ತೀರಿ ಅಂತ ಹೇಳಿದ್ದು."

ಪಪ್ಪ ನನ್ನ ಹೆಗಲು ಮುಟ್ಟಿ, ಬಾ ಹೊರಗೆ ಹೋಗುವ ಅಂತ ಕಣ್ಣು ಮಾಡಿದ್ರು. ನಾವು ಇಳಿದ್ವು. ಆದ್ರೆ ಗಾಡಿಯ ಬಾಗಿಲು ತೆರೆದೇ ಇತ್ತು.

"ಹವ್ವಾ, ಇಲ್ಲಿ ಬೇಡದಿದ್ರೆ ಬೇರೆ ಕಡೆ ನಿಲ್ಲಿಸುವ. ಸಮುದ್ರದ ಹತ್ರ ನೋಡ್ತೇನೆ."

"ಎಲ್ಲಿ ನಿಲ್ಲಿಸಿದ್ರೂ ನಾನು ಬರುದಿಲ್ಲ. ಕೇಳಿ. ಆ ಮನೆಗೆ ನೀವು ದುಡ್ಡು ಕಳಿಸಿದ್ದು, ಕಟ್ಟಿಸಿದ್ದು ನಾನು. ಮೂರು ಮಕ್ಕಳಿಗೆ ಜ್ವರ ಬಂದಾಗ ಒಬ್ಬಳೇ ಕೂತದ್ದು ನಾನು. ಒಬ್ಬಳೇ ಇರ್ಲಿಕ್ಕೆ ಕಲಿತು ಕಲಿತು ಈಗ ನನಗೆ ಬೇರೆ ಎಂತ ಗೊತ್ತಿಲ್ಲ. ನೀವು ಎರಡು ತಿಂಗಳು ಬರುದು ಅಂದ್ರೆ ಪೆರ್ನಾಲ್ ಇದ್ದ ಹಾಗೆ. ಮನೆ ತುಂಬ ಜನ, ದಿನಾ ಅಡಿಗೆ. ನೀವು ಹೋದ ಮೇಲೆ ನಾನು ಅಳ್ತಾ ಇದ್ದೆ. ಅತ್ತು ಆದ ಮೇಲೆ ಬಾಗಿಲು ಹಾಕಿ ಒಂದು ದಿನ ಇಡೀ ಮಲಗ್ತಾ ಇದ್ದೆ. ಚಂದ ನಿದ್ದೆ ಬರ್ತಾ ಇತ್ತು." ಆಮೇಲೆ ಸಣ್ಣ ಸ್ವರದಲ್ಲಿ, "ಬೇಜಾರು ಮಾಡ್ಬೇಡಿ. ನಿಮ್ಮ ತಪ್ಪಲ್ಲ. ನೀವು ಅಂದ್ರೆ ನನಗೆ ಆಗುದಿಲ್ಲ ಅಂತ ಸಹ ಅಲ್ಲ. ನಿಮ್ಮ ಒಟ್ಟಿಗೆ ದಿನಾ ಇರ್ಲಿಕ್ಕೆ ನನಗೆ ಗೊತ್ತಿಲ್ಲ."

ಕಾಕ ಎಂತ ಹೇಳಿದ್ರು ಅಂತ ಕೇಳ್ಲಿಲ್ಲ, ಅಷ್ಟರಲ್ಲಿ ಒಂದು ಟ್ರೈಲರ್ ರಿವರ್ಸ್ ಬರ್ತಾ ಬೊಬ್ಬೆ ಹಾಕ್ತಾ ಇತ್ತು. ಅದು ನಿಂತ ಮೇಲೆ ನೋಡಿದ್ರೆ ಕಾಕ ಸ್ಟವ್ ಹಚ್ಚಿ ಚಾ ಮಾಡ್ತಾ ಇದ್ರು. ಆಂಟಿ ಕುಡಿದ್ರು. ಕುಡಿದು ಗ್ಲಾಸು ತೊಳೆದ್ರು. ಮನೆಗೆ ಬನ್ನಿ, ಅಲ್ಲಿ ಮಾತ್ರೆ ಆದ್ರೂ ಸರಿಯಾಗಿ ತಕ್ಕೊಳ್ಳಿ ಅಂದ್ರು. ಕಾಕ, ನೋಡುವ, ಅಂದ್ರು. ಸಿದ್ದೀಕ್ ಕಾರ್ ತಿರುಗಿಸಿದ.

ಮತ್ತೆ ಎರಡು ಮೂರು ದಿನ ಬಿಟ್ಟು ಸಂಜೆ ಪಪ್ಪ ಮತ್ತೆ ನಾನು ಹೋದ್ವು. ಮಮ್ಮಿ ಮಾತ್ರೆ, ಅನ್ನ, ಕೋಳಿ ಸುಕ್ಕ ಕೊಟ್ಟು ಕಳಿಸಿದ್ರು. ಕಾಕ ತೆಗೆದಿಟ್ರು, ತಿನ್ಲಿಲ್ಲ. ಗಾಡಿಯ ಮೆಟ್ಲಿನಲ್ಲಿ ಕೂತಿದ್ರು. ಮನೆಯ ಆ ಹಾಲಿಗೆ ಹೋಗ್ತೀಯಾ ಅಂತ ಪಪ್ಪ ಕೇಳಿದ್ರು. ಇಲ್ಲ ಅಂತ ತಲೆ ಆಡಿಸಿದ್ರು.

"ಪೊರ್ಬು, ನಮ್ಮ ಹಳೆ ಫೋರ್‌ಮ್ಯಾನ್ ಇದ್ದಾನಲ್ಲ, ಆ ಮಲಪ್ಪುರಂನವ. ನಂಬರ್ ಉಂಟಾ ನಿನ್ನ ಹತ್ರ? ನನ್ನದು ಸೌದಿಯ ಸಿಮ್ಮಿನ ಒಟ್ಟಿಗೆ ಹೋಯ್ತು."

"ಯಾಕೆ?"

"ಹೆವಿ ಲೈಸೆನ್ಸ್ ಇನ್ನೂ ಉಂಟು ನನ್ನದು. ಕೇಳಿ ನೋಡು. ಸಂಬಳ ಕಮ್ಮಿ ಆದ್ರೂ ಆದೀತು."

"ನಿನಗೆ ಅರವತ್ತೆರಡು ಆಯ್ತು ಬ್ಯಾರಿ. ಮಂಡೆ ಹಾಳಾಗಿದ್ಯಾ?"

"ಅಲ್ಲಿ ಬಜೆಟ್ ಎಲ್ಲ ಬೇಡ. ರೂಮು ಕಂಪೆನಿದು, ಡೀಸೆಲ್ ಕಂಪೆನಿದು." ಕಾಕ ಹೈವೇ ಕಡೆ ನೋಡ್ತಾ ಹೇಳಿದ್ರು. "ನಾನು ಅಲ್ಲಿದ್ರೆ ಅವಳು ಕಾಯ್ತಾ ಇದ್ಲು."

ಪಪ್ಪನಿಗೆ ಬೇರೆ ದಾರಿ ಕಾಣ್ಲಿಲ್ಲ. ಫೋನ್ ಹಚ್ಚಿದ್ರು. ಅವರಿಗೆ ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುದು. ಆಚೆಯವ ಎತ್ತಿದ. ಪಪ್ಪ ಹೆಸರು ಹೇಳಿದ್ರು, ಮಂಗಳೂರಿನ ಹಸೈನಾರ್, ಜಿದ್ದಾ ರೂಟಿನವ ಅಂತ. ಯಾವ ಹಸೈನಾರ್ ಅಂತ ಅವ ಕೇಳಿದ. ಪಪ್ಪ ಅಲ್ಲಿನ ಟ್ರೈಲರಿನ ನಂಬರ್ ಸಹ ಹೇಳಿದ್ರು. ನೆನಪಾಗುದಿಲ್ಲ, ತುಂಬ ಜನ ಇದ್ರಲ್ಲ ಅಂದ. ವಯಸ್ಸು ಎಷ್ಟು ಅಂತ ಕೇಳಿದ. ಅರವತ್ತು ದಾಟಿದವರನ್ನು ಈಗ ಕಂಪೆನಿ ಹೊಸದಾಗಿ ತಕ್ಕೊಳ್ಳುದಿಲ್ಲ, ಮಗ ಇದ್ರೆ ಕಳಿಸಿ ಅಂದ. ಆಮೇಲೆ ಅವನಿಗೆ ಬೇರೆ ಯಾರೋ ಕರೆದ ಹಾಗಾಯ್ತು, ಇಟ್ಟ.

ಪಪ್ಪ ಫೋನನ್ನು ಕಿಸೆಗೆ ಹಾಕಿದ್ರು. ಕಾಕ ಅಲ್ಲೇ, ಒಂದು ಮೊಳ ದೂರದಲ್ಲಿ ಕೂತಿದ್ರು, ಎಲ್ಲ ಅವರ ಕಿವಿಗೂ ಬಿದ್ದಿತ್ತು. ಆದ್ರೂ ಕೇಳಿದ್ರು,

"ಎಂತ ಹೇಳಿದ? ನಾನು ಹೇಗಿದ್ದೇನೆ ಅಂತ ಕೇಳಿದ್ನಾ?"

"ಕೇಳಿದ ಮಾರಾಯ," ಪಪ್ಪ ಹೇಳಿದ್ರು. "ಸಲಾಂ ಹೇಳ್ಲಿಕ್ಕೆ ಹೇಳಿದ."

"ಒಳ್ಳೆ ಜನ ಅವ," ಅಂದ್ರು ಕಾಕ.